ಬಾಳ್ಗಚ್ಚು, ಕಲ್ನಾಡು ಮತ್ತು ರಾಜ್ಯಾಧಿಕಾರ: ಗಂಗವಾಡಿಯ ಸೇನಾವ್ಯವಸ್ಥೆಯನ್ನು ಫ್ರಾಂಕರ ವ್ಯವಸ್ಥೆಯೊಡನೆ ಹೋಲಿಸಿ ಒಂದು ವಿವೇಚನೆ

ಕ್ರಿ.ಶ. 808ರಲ್ಲಿ ಫ್ರಾಂಕರ ಚಕ್ರವರ್ತಿ ಷಾರ್ಲಮೇನನು ತನ್ನ ರಾಜ್ಯದಲ್ಲಿ ಯಾರು ಯುದ್ಧಕ್ಕೆ ಬರಬೇಕು, ಯಾರು ಬರುವವನಿಗೆ ನೆರವಾಗಿ ಮನೆಯಲ್ಲಿ ಉಳಿಯಬಹುದು ಎಂಬುದನ್ನು ಭೂಮಿಯ ಲೆಕ್ಕದ ಮೇಲೆ ವಿಧಿಸಿ ಒಂದು ಶಾಸನವನ್ನು ಹೊರಡಿಸಿದನು. ಇದಾದ ನಾಲ್ಕೈದು ವರ್ಷಗಳೊಳಗೆ, ಶಕವರ್ಷ 735ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ 3ನೆಯ ಗೋವಿಂದನು ಜಾಲಮಂಗಲವೆಂಬ ಗ್ರಾಮವನ್ನು ಅರ್ಕಕೀರ್ತಿಯೆಂಬ ಜೈನ ಮುನಿಗೆ ದಾನಮಾಡಿದನು. ಈ ದಾನದ ತಾಮ್ರಪಟಗಳು ಇಂದಿನ ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತವು. ಹೊರನೋಟಕ್ಕೆ ಈ ಎರಡಕ್ಕೂ ಏನೊಂದು ಸಂಬಂಧವೂ ಕಾಣದು. ಆದರೆ ಕಡಬದ ಪಟಗಳಲ್ಲಿ ಬರುವ ಇಬ್ಬರು ವ್ಯಕ್ತಿಗಳನ್ನು ಗಮನಿಸಿದರೆ, ಎರಡು ರಾಜ್ಯಗಳೂ ಒಂದೇ ತೊಡಕನ್ನು ಎದುರಿಸುತ್ತಿದ್ದವೆಂಬುದು ವಿದಿತವಾಗುತ್ತದೆ. ಕತ್ತಿಯಿಂದ ಗೆದ್ದ ನಾಡನ್ನು ಕತ್ತಿ ಹಿಡಿದವರ ಕೈಗೇ ಒಪ್ಪಿಸದೆ ಆಳುವಂತಿರಲಿಲ್ಲ. ಒಪ್ಪಿಸಿದ ಬಳಿಕ ಅವರನ್ನು ಅಂಕೆಯಲ್ಲಿ ಇಡುವುದು ಸುಲಭವಾಗಿರಲಿಲ್ಲ.

ಆ ಇಬ್ಬರಲ್ಲಿ ಒಬ್ಬನು ಸಮಸ್ತ ಗಂಗಮಂಡಲದ ಅಧಿಪತಿಯೆನಿಸಿದ್ದ ಚಾಕಿರಾಜ. ಇನ್ನೊಬ್ಬನು ಅವನ ಸೋದರಳಿಯನೂ ಚಾಲುಕ್ಯ ವಂಶದವನೂ ಆದ ವಿಮಲಾದಿತ್ಯ. ವಿಮಲಾದಿತ್ಯನಿಗಿದ್ದ ಶನಿಪೀಡೆಯನ್ನು ಮುನಿಯು ಪರಿಹರಿಸಿದ್ದೇ ದಾನಕ್ಕೆ ಕಾರಣ. ಅವನು ಆಳುತ್ತಿದ್ದ ಕುನುಂಗಿಲ್ ದೇಶವು ಇಂದಿನ ಕುಣಿಗಲು ಸೀಮೆ. ತುಮಕೂರು ನಗರದೊಳಗೆ ಸೇರಿಹೋಗಿರುವ ಉಪ್ಪಾರಹಳ್ಳಿಯಂಥ ಬಡಾವಣೆಗಳಿಂದ ತೆಂಕಣಕ್ಕೆ ಹೊರಟರೆ ಅರ್ಧ ದಿನವೂ ಬೇಡದ ಈ ನಾಡನ್ನು ಒಂಬತ್ತನೆಯ ಶತಮಾನದ ಆದಿಯಲ್ಲಿ ಗಂಗರಲ್ಲ, ರಾಷ್ಟ್ರಕೂಟರು ನೆಟ್ಟ ಹೊರಗಿನವನೊಬ್ಬನು ಆಳುತ್ತಿದ್ದನು. ಗಂಗ ದೊರೆಯಾದ 2ನೆಯ ಶಿವಮಾರನು ಆ ವೇಳೆಗಾಗಲೇ ರಾಷ್ಟ್ರಕೂಟರ ಸೆರೆಯನ್ನು ಕಂಡಿದ್ದನು. ಷಾರ್ಲಮೇನನೂ 788ರಲ್ಲಿ ಬವೇರಿಯದ ಅಧಿಪತಿ ಟಾಸಿಲೋನನ್ನು ಪದಚ್ಯುತಗೊಳಿಸಿ ಮಠವಾಸಕ್ಕೆ ಕಳುಹಿಸಿ, ಆ ನಾಡನ್ನು ತನ್ನ ಭಾವಮೈದುನ ಗೆರೋಲ್ಡನಿಗೆ ಒಪ್ಪಿಸಿದ್ದನು.

ಹೋಲಿಕೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ಅದು ಕೇವಲ ಕುತೂಹಲದ ಸಂಗತಿಯಾದೀತು. ಸೈನಿಕನಿಗೂ ಒಡೆಯನಿಗೂ ನಡುವೆ ಭೂಮಿಯು ಯಾವ ಘಟ್ಟದಲ್ಲಿ ಪ್ರವೇಶಿಸುತ್ತದೆ ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ. ಫ್ರಾಂಕರಲ್ಲಿ ಅದು ಸೇವೆಗೆ ಮುನ್ನ ಬರುತ್ತದೆ. ನಮ್ಮ ಶಾಸನಗಳಲ್ಲಿ ಅದು ಬಹುಮಟ್ಟಿಗೆ ಸೇವೆಯ ನಂತರ, ಅನೇಕ ವೇಳೆ ಸೇವಕನ ಮರಣಾನಂತರ, ಬರುತ್ತದೆ. ಈ ಅಂತರದಿಂದ ರಾಜ್ಯಾಧಿಕಾರದ ಸ್ವರೂಪವೇ ಬೇರೆಯಾಯಿತೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಫ್ರಾಂಕರ ಅರಸು ಆದಿಯಲ್ಲಿ ಸೇನಾನಾಯಕನಷ್ಟೆ. ತೂರ್ ಪಟ್ಟಣದ ಬಿಷಪ್ ಗ್ರೆಗೊರಿಯು ಆರನೆಯ ಶತಮಾನದಲ್ಲಿ ಬರೆದ ಚರಿತ್ರೆಯಲ್ಲಿ ಕ್ಲೋವಿಸ್ ಅರಸನ ಒಂದು ಪ್ರಸಂಗವಿದೆ. ಇಗರ್ಜಿಯಿಂದ ದೋಚಿ ತಂದ ಒಂದು ಕುಂಭವನ್ನು ತನ್ನ ಪಾಲಿಗಿಂತ ಹೆಚ್ಚಾಗಿ ತನಗೆ ಕೊಡಬೇಕೆಂದು ಅರಸು ಯೋಧರನ್ನು ಕೇಳಿಕೊಂಡನು. ಒಬ್ಬ ಸೈನಿಕನು ಮಾತ್ರ ಚೀಟಿಯಲ್ಲಿ ಬಂದದ್ದನ್ನು ಬಿಟ್ಟು ಬೇರೇನೂ ನಿನಗಿಲ್ಲವೆಂದು ಹೇಳಿ ಕೊಡಲಿಯಿಂದ ಕುಂಭಕ್ಕೆ ಹೊಡೆದನು. ಅರಸು ಆಗ ಸುಮ್ಮನಿದ್ದು, ಮರುವರ್ಷದ ಮಾರ್ಚಿ ತಿಂಗಳ ಸೇನಾಪರಿಶೀಲನೆಯಲ್ಲಿ ಆಯುಧ ಸರಿಯಾಗಿಲ್ಲವೆಂಬ ನೆಪದಿಂದ ಅವನ ತಲೆಯನ್ನು ಸೀಳಿದನು. ಕಥೆಗೆ ಗ್ರೆಗೊರಿಯ ಬಣ್ಣವಿರಬಹುದು. ಆದರೂ ಕೊಳ್ಳೆಯನ್ನು ಹಂಚುವಾಗ ಅರಸನೂ ಒಬ್ಬ ಪಾಲುಗಾರ, ಸೇನೆಯನ್ನು ಪರಿಶೀಲಿಸುವಾಗ ಮಾತ್ರ ಅವನು ಪ್ರಭು ಎಂಬ ಸ್ಥಿತಿಯನ್ನು ಅದು ತಪ್ಪಿಲ್ಲದೆ ತೋರಿಸುತ್ತದೆ.

ಅರಸನ ಮೈಗಾವಲಿನ ಯೋಧರಿಗೆ ಆಂಟ್ರುಸ್ಟಿಯೋ ಎಂದು ಹೆಸರು. ಸಾಲಿಕ್ ನ್ಯಾಯಸಂಹಿತೆಯಂತೆ ಸಾಮಾನ್ಯ ಫ್ರಾಂಕನನ್ನು ಕೊಂದವನು 200 ಸಾಲಿಡಸ್ ದಂಡ ತೆರಬೇಕಾಗಿದ್ದರೆ, ಆಂಟ್ರುಸ್ಟಿಯೋವನ್ನು ಕೊಂದವನು 600 ತೆರಬೇಕಾಗಿತ್ತು. ಅರಸನ ಸಾಮೀಪ್ಯವು ಪ್ರಾಣದ ಬೆಲೆಯನ್ನು ಮುಮ್ಮಡಿಗೊಳಿಸುತ್ತಿತ್ತೆಂದಾಯಿತು. ಇನ್ನು ಕೆಳಗಿನ ಸ್ತರದಲ್ಲಿ, ಉಣ್ಣಲು ಉಡಲು ಗತಿಯಿಲ್ಲದವನು ಒಬ್ಬ ಒಡೆಯನ ಆಶ್ರಯಕ್ಕೆ ಸೇರಿ, ಅನ್ನವಸ್ತ್ರಕ್ಕಾಗಿ ಜೀವಾವಧಿ ಸೇವೆಗೆ ಒಪ್ಪಿ, ಆದರೆ ಸ್ವತಂತ್ರ ಪುರುಷನಿಗೆ ಒಪ್ಪುವ ಸೇವೆಯನ್ನೇ ಮಾಡುವೆನೆಂದು ಬರೆದುಕೊಡುತ್ತಿದ್ದ ಪತ್ರದ ಮಾದರಿಯೊಂದು ತೂರ್ ಪಟ್ಟಣದ ಸಂಗ್ರಹದಲ್ಲಿ ಉಳಿದಿದೆ. ಎಂಟನೆಯ ಶತಮಾನದಲ್ಲಿ ಈ ಆಶ್ರಯಸಂಬಂಧವೂ ಬೆನಿಫೀಸಿಯಂ ಎಂಬ ಭೂಮಿಯ ಅನುಭೋಗವೂ ಕ್ರಮೇಣ ಕೂಡಿಕೊಂಡವು. ಇಗರ್ಜಿಯ ವಿಸ್ತಾರವಾದ ಭೂಮಿಯನ್ನು ಚಾರ್ಲ್ಸ್ ಮಾರ್ಟೆಲನೂ ಅವನ ಮಕ್ಕಳೂ ಯೋಧರಿಗೆ ಹಂಚಿದರು. ಇದಕ್ಕೆಲ್ಲ ಕುದುರೆಯ ರಿಕಾಪೇ ಮೂಲವೆಂದು 1962ರಲ್ಲಿ ಲಿನ್ ವೈಟ್ ಎಂಬ ಅಮೆರಿಕದ ವಿದ್ವಾಂಸರು ಪ್ರತಿಪಾದಿಸಿದರು. 1970ರಲ್ಲಿ ಬರ್ನಾರ್ಡ್ ಬ್ಯಾಕ್ರಾಕ್ ಅದನ್ನು ಬಲವಾಗಿ ಖಂಡಿಸಿದ ಮೇಲೆ ಆ ವಾದವನ್ನು ಇಡಿಯಾಗಿ ಒಪ್ಪುವವರು ವಿರಳ. ಒಂದು ಲೋಹದ ಕೊಂಡಿಯಿಂದ ಇಡೀ ಸಮಾಜವ್ಯವಸ್ಥೆಯನ್ನು ನೇತುಹಾಕುವ ಪ್ರಯತ್ನ ಮನೋಹರವಾದರೂ ನಂಬಲರ್ಹವಲ್ಲ.

ಆರಂಭದಲ್ಲಿ ಹೇಳಿದ 808ರ ಶಾಸನದ ನಿಯಮ ಹೀಗಿದೆ. ಒಂದು ಒಕ್ಕಲು ಕುಟುಂಬದ ಹಿಡುವಳಿಗೆ ಮಾನ್ಸುಸ್ ಎಂದು ಹೆಸರು. ಸ್ವಂತದ್ದೋ ಬೆನಿಫೀಸಿಯಂ ಆಗಿ ಪಡೆದದ್ದೋ ನಾಲ್ಕು ಮಾನ್ಸುಸ್ ಉಳ್ಳವನು ತಾನೇ ಸಜ್ಜಾಗಿ ದಂಡಿಗೆ ಹೋಗಬೇಕು. ಮೂರು ಉಳ್ಳವನಿಗೆ ಒಂದು ಉಳ್ಳವನು ಖರ್ಚಿಗೆ ಸೇರಬೇಕು. ಎರಡೆರಡು ಉಳ್ಳ ಇಬ್ಬರಲ್ಲಿ ಒಬ್ಬನು, ಒಂದೊಂದು ಉಳ್ಳ ನಾಲ್ವರಲ್ಲಿ ಒಬ್ಬನು ಹೋಗಬೇಕು. ತಪ್ಪಿದವನಿಗೆ 60 ಸಾಲಿಡಸ್ ದಂಡ. 805ರ ಶಾಸನವೊಂದರ ಪ್ರಕಾರ ಹನ್ನೆರಡು ಮಾನ್ಸುಸ್ ಉಳ್ಳವನು ಲೋಹದ ಕವಚವನ್ನು ಹೊಂದಿರಲೇಬೇಕು. ಇಲ್ಲಿ ಭೂಮಿ ಮೊದಲು, ದಂಡಿನ ಕರೆ ಆಮೇಲೆ. ಭೂಮಿಯ ಪ್ರಮಾಣದಿಂದಲೇ ಮುಂದಿನ ಸೇವೆಯ ಪ್ರಮಾಣ ನಿಶ್ಚಯವಾಗುತ್ತದೆ.

ಇನ್ನು ಗಂಗವಾಡಿಗೆ ಬರೋಣ. ಕಡಬದ ದಾನ ನಡೆದ ಕೆಲವು ದಶಕಗಳ ಬಳಿಕ ಅಮೋಘವರ್ಷನ ಸೇನಾನಿಯಾದ ಬಂಕೇಶನು ಈ ನಾಡಿನ ಮೇಲೆ ದಂಡೆತ್ತಿ ಬಂದನು. 860ರ ದಾನವನ್ನು ನಿರೂಪಿಸುವ ಕೊಣ್ಣೂರು ಶಾಸನದಂತೆ ಅವನು ಕೇದಾಳವೆಂಬ ದುರ್ಗವನ್ನು ಹಿಡಿದು ಕಾವೇರಿಯನ್ನು ದಾಟಿದನು. ಈ ಕೇದಾಳವೇ ತುಮಕೂರಿನ ಬಳಿ ಗೂಳೂರಿಗೆ ಸಮೀಪದ ಕೈದಾಳವೆಂದು ವಿದ್ವಾಂಸರು ಗುರುತಿಸಿದ್ದಾರೆ. ದಂಡಯಾತ್ರೆಯ ಮಧ್ಯದಲ್ಲಿ ರಾಜಧಾನಿಯಲ್ಲಿ ದಂಗೆಯೆದ್ದಿತೆಂದು ಚಕ್ರವರ್ತಿಯಿಂದ ಕರೆ ಬಂದಿತು. ಮೂರು ತಿಂಗಳೊಳಗೆ ಶತ್ರುಗಳನ್ನು ಗೆದ್ದು ಒಡೆಯನಿಗೆ ನೆಮ್ಮದಿಯನ್ನು ತಾರದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಬಂಕೇಶನು ಪ್ರತಿಜ್ಞೆಮಾಡಿದುದಾಗಿ ಅದೇ ಶಾಸನ ಹೇಳುತ್ತದೆ. ಬನವಾಸಿ ಮೊದಲಾದ 30,000 ಗ್ರಾಮಗಳ ಅಧಿಕಾರವನ್ನು ಹೊಂದಿದ್ದ ಮಹಾಪುರುಷನ ಬಾಯಿಂದ ಈ ಮಾತು ಬಂದಿದೆ. ನಾಡೊಂದನ್ನು ಆಳುವವನೂ ತನ್ನ ಒಡೆಯನ ಮುಂದೆ ಮನೆಯಾಳಿನಂತೆ ಪ್ರಾಣವನ್ನು ಒತ್ತೆಯಿಡುತ್ತಾನೆ.

ಈ ವೈಚಿತ್ರ್ಯಕ್ಕೆ ನಮ್ಮ ಭಾಷೆಯಲ್ಲಿಯೇ ಸಾಕ್ಷ್ಯವಿದೆ. ಆಳ್ ಎಂಬುದು ನಾಮಪದವಾದಾಗ ಸೇವಕ, ಸೈನಿಕ. ಕ್ರಿಯಾಪದವಾದಾಗ ಪ್ರಭುತ್ವ ನಡೆಸು. ಬಂಟನೆಂದರೆ ಊಳಿಗದವನೂ ಹೌದು, ಶೂರನೂ ಹೌದು. ಗಂಗರ ಶಾಸನಗಳಲ್ಲಿ ಒಡೆಯನಿಗೆ ಅತ್ಯಂತ ಆಪ್ತನಾದ ಯೋಧನನ್ನು ಸೂಚಿಸಲು ಬರುವ ಮನೆಮಗತಿ, ಮನೆವಗತಿ ಎಂಬ ಮಾತಿನ ಅರ್ಥ ಮನೆಮಗನಾಗಿರುವಿಕೆ ಎಂದು. ಯೂರೋಪಿನಲ್ಲಿ ಸಾಮಂತನನ್ನು ಸೂಚಿಸುವ ವಾಸಲ್ ಎಂಬ ಶಬ್ದವೂ ಹುಡುಗ, ಮನೆಯಾಳು ಎಂಬರ್ಥದ ಕೆಲ್ಟಿಕ್ ಪದದಿಂದ ಹುಟ್ಟಿದ್ದು. ಇಂಗ್ಲಿಷಿನ ನೈಟ್ ಶಬ್ದದ ಮೂಲಾರ್ಥವೂ ಹುಡುಗನೇ. ಒಂದಕ್ಕೊಂದು ಪರಿಚಯವೇ ಇಲ್ಲದ ಎರಡು ಸಮಾಜಗಳಲ್ಲಿ ಒಡೆಯನ ಮನೆಯ ಅನ್ನವುಂಡ ಹುಡುಗನೇ ಕಾಲಕ್ರಮದಲ್ಲಿ ನಾಡಿನ ಪ್ರಭುವಾಗಿ ಬೆಳೆದನು. ಉಂಡ ಅನ್ನದ ಋಣವನ್ನು ರಣದಲ್ಲಿ ತೀರಿಸುವ ಕಟ್ಟುಪಾಡಿಗೆ ನಮ್ಮಲ್ಲಿ ಜೋಳವಾಳಿ ಎಂಬ ಹೆಸರೇ ಇದೆ. ತೂರ್ ಪಟ್ಟಣದ ಪತ್ರದಲ್ಲಿ ಬರೆದುಕೊಟ್ಟಿದ್ದೂ ಜೋಳವಾಳಿಯೇ. ಪಂಪನು 941ರ ಸುಮಾರಿನಲ್ಲಿ ವಿಕ್ರಮಾರ್ಜುನವಿಜಯವನ್ನು ಬರೆದಾಗ, ಅರ್ಜುನನನ್ನು ನಾಯಕನನ್ನಾಗಿ ಮಾಡಿಯೂ ಕರ್ಣನ ಸ್ವಾಮಿನಿಷ್ಠೆಗೆ ಮನಸೋತುದರ ಹಿನ್ನೆಲೆ ಈ ಸಮಾಜವೇ.

ಬೇಗೂರಿನ ವೀರಗಲ್ಲು ಇದನ್ನು ಸ್ಪಷ್ಟಪಡಿಸುತ್ತದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಈ ಕಲ್ಲು ಆನೆ, ಕುದುರೆ, ಕಾಲಾಳುಗಳಿಂದ ಕಿಕ್ಕಿರಿದ ಕದನದ ಚಿತ್ರದಿಂದ ಪ್ರಸಿದ್ಧವಾಗಿದೆ. ಶಿಲ್ಪವನ್ನು ಮೆಚ್ಚಿದವರೆಲ್ಲ ಕೆಳಗಿನ ಬರಹವನ್ನು ಅಷ್ಟೇ ಶ್ರದ್ಧೆಯಿಂದ ಓದಿದಂತೆ ಕಾಣುವುದಿಲ್ಲ. ಗಂಗ ದೊರೆ ಎರೆಯಪ್ಪನು ವೀರಮಹೇಂದ್ರನೊಡನೆ ಕಾದುವುದಕ್ಕಾಗಿ ನೊಳಂಬರ ಅಯ್ಯಪದೇವನಿಗೆ ನೆರವಾಗಿ, ಸಾಮಂತರ ಸಮೇತ ನಾಗತ್ತರನನ್ನು ದಂಡು ಕಳುಹಿಸಿದನು. ತುಂಬೆಪಾದಿಯಲ್ಲಿ ಕಾಳೆಗ ಕೈಮೀರಿದಾಗ ನಾಗತ್ತರನು ಆನೆಗಳಿಗೆ ಇದಿರಾಗಿ ಇರಿದು ಮಡಿದನು. ಅದನ್ನು ಕೇಳಿದ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಕೊಟ್ಟ ಹಳ್ಳಿಗಳ ಹೆಸರುಗಳನ್ನು ಕಲ್ಲು ಪಟ್ಟಿಮಾಡುತ್ತದೆ. ಬೆಂಪೂರು ಇಂದಿನ ಬೇಗೂರು.

ಇಲ್ಲಿ ಸೂಕ್ಷ್ಮವಾಗಿ ನೋಡಬೇಕಾದದ್ದು ಪಟ್ಟ ಮತ್ತು ಕಲ್ನಾಡುಗಳ ಸಂಬಂಧ. ಪಟ್ಟವೆಂಬುದು ಹಣೆಗೆ ಕಟ್ಟುವ ಪಟ್ಟಿ. ಅದು ಪದವಿಯ ಚಿಹ್ನೆ. ಕಲ್ನಾಡು ಭೂಮಿ. ಮೃತನ ಪದವಿಯೇ ಒಂದು ಹೆಸರಾಗಿ, ಬಿರುದಾಗಿ, ಇನ್ನೊಬ್ಬನ ಹಣೆಗೆ ಬರುತ್ತದೆ. ಕಟ್ಟುವ ಕೈ ಮಾತ್ರ ದೊರೆಯದು. ಪಟ್ಟ ತಾನಾಗಿ ಇಳಿದು ಬರಲಿಲ್ಲ. ಹತ್ತಿರ ಹತ್ತಿರ ಇದೇ ಕಾಲದಲ್ಲಿ, 877ರಲ್ಲಿ, ಫ್ರಾಂಕರ ಬೋಳ ಚಾರ್ಲ್ಸ್ ಅರಸು ಇಟಲಿಗೆ ಹೊರಡುವ ಮುನ್ನ ಕಿಯೆರ್ಜಿಯಲ್ಲಿ ಹೊರಡಿಸಿದ ಶಾಸನದಲ್ಲಿ, ತಾನಿಲ್ಲದಾಗ ನಾಡಧಿಪತಿಯೊಬ್ಬನು ಸತ್ತರೆ ಅವನ ಮಗನ ಹಿತವನ್ನು ಕಾಯಬೇಕೆಂದು ಒಪ್ಪಿಕೊಳ್ಳುತ್ತಾನೆ. ಅಲ್ಲಿ ಅರಸನ ಕೈ ಸಡಿಲವಾಗುತ್ತಿದ್ದರೆ ಗಂಗವಾಡಿಯಲ್ಲಿ ಪಟ್ಟ ಕಟ್ಟುವ ಹಕ್ಕು ಇನ್ನೂ ದೊರೆಯಲ್ಲಿ ಉಳಿದಿತ್ತು. ನಾಗತ್ತರನಿಗೂ ತನ್ನದೇ ಮನೆಯಾಳುಗಳಿದ್ದರು. ಬೆಂಗಳೂರು ಎಂಬ ಹೆಸರನ್ನು ಮೊದಲು ಉಲ್ಲೇಖಿಸುವ ಬೇಗೂರಿನ ಇನ್ನೊಂದು ಶಾಸನದಲ್ಲಿ ಅವನ ಮನೆವಗತಿಯಾದ ಪೆರ್ವೊಣಶೆಟ್ಟಿಯ ಹೆಸರು ಬೆಂಗಳೂರು ಕಾಳೆಗದ ಸಂದರ್ಭದಲ್ಲಿಯೇ ಬರುತ್ತದೆ.

ಈ ಸರಪಣಿಯ ಎಲ್ಲ ಕೊಂಡಿಗಳನ್ನೂ ಒಂದೇ ಕಡೆ ತೋರಿಸುವುದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು ಶಾಸನ. ಕಾಲ ಶಕ 872, ಕ್ರಿ.ಶ. 949-50. ರಾಷ್ಟ್ರಕೂಟ 3ನೆಯ ಕೃಷ್ಣನು ಚೋಳ ರಾಜಾದಿತ್ಯನ ಮೇಲೆ ನಡೆಸಿದ ತಕ್ಕೋಲದ ಯುದ್ಧದಲ್ಲಿ ಗಂಗ 2ನೆಯ ಬೂತುಗನು ರಾಜಾದಿತ್ಯನನ್ನು ಆನೆಯ ಮೇಲೆಯೇ ಇರಿದು ಕೊಂದನು. ಬೂತುಗನ ಮುಂದೆ ನಿಂತು ಕಾದಿದವನು ಮಣಲೆರ. ಮೆಚ್ಚಿದ ಒಡೆಯನು ಬೇಡಿದ್ದನ್ನು ಕೊಡುವೆನೆಂದಾಗ ಮಣಲೆರನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು! ಆ ನಾಯಿ ಬೆಳತೂರ ಬೆಟ್ಟದ ಬಳಿ ದೊಡ್ಡ ಹಂದಿಯೊಡನೆ ಸೆಣಸಿ ಹಂದಿಯೊಡನೆಯೇ ಸತ್ತಿತು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನೆಟ್ಟು ಎರಡು ಖಂಡುಗ ಭೂಮಿಯನ್ನು ಬಿಟ್ಟರು. ನಾಯಿಯ ಈ ಕಥೆಯಿಂದಲೇ ಶಾಸನವು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ನಾಯಿಯ ಭೂಮಿಯೂ ಯೋಧನ ಭೂಮಿಯೂ ಒಂದೇ ತತ್ತ್ವದ ಮೇಲೆ ಕೊಟ್ಟವೆಂಬುದನ್ನು ಮರೆಯಬಾರದು. ಕಾದಿ ಬಿದ್ದದ್ದಕ್ಕೆ ಕಲ್ಲು, ಕಲ್ಲಿಗೆ ಮಣ್ಣು.

ಅದೇ ಕಲ್ಲಿನ ಮುಂದಿನ ಭಾಗದಲ್ಲಿ ರಾಜಕೀಯ ವ್ಯವಹಾರವಿದೆ. ಕೃಷ್ಣನು ಬೂತುಗನಿಗೆ ಬನವಾಸಿ 12,000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನು ಕೊಟ್ಟನು. ಬೂತುಗನು ತನ್ನ ಪಾಲಿಗೆ ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕೋಟೆಯೂರನ್ನೂ ಬಾಳ್ಗಚ್ಚಾಗಿ ಕೊಟ್ಟನು. ಒಂದೇ ಗೆಲವಿನಿಂದ ಚಕ್ರವರ್ತಿಯಿಂದ ಮಾಂಡಲಿಕನಿಗೂ ಮಾಂಡಲಿಕನಿಂದ ಅವನ ಆಳಿಗೂ ಭೂಮಿ ಇಳಿದುಬಂದಿತು. ಬೆಳ್ವೊಲವು ಕೃಷ್ಣನಿಂದ ಬೂತುಗನಿಗೆ ಬಂದ ನಾಡುಗಳಲ್ಲೊಂದು. ಅದರೊಳಗಿನ ಒಂದು ಊರು ಮಣಲೆರನಿಗೆ ಸಂದಿದೆ. ಗಮನಾರ್ಹವಾದ ಇನ್ನೊಂದು ವಿಷಯವೆಂದರೆ, ಬನವಾಸಿಯನ್ನು ಬಿಟ್ಟು ಉಳಿದ ಇವೇ ನಾಡುಗಳು ಬೂತುಗನಿಗೆ ರಾಷ್ಟ್ರಕೂಟ ರಾಜಕುಮಾರಿ ರೇವಕನಿಮ್ಮಡಿಯ ಮದುವೆಯಲ್ಲಿ ಬಳುವಳಿಯಾಗಿ ಬಂದವೆಂದು 975ರ ಹೆಬ್ಬಾಳದ ಶಾಸನ ಹೇಳುತ್ತದೆ. ಎರಡರಲ್ಲಿ ಒಂದು ಸುಳ್ಳಾಗಬೇಕಿಲ್ಲ. ಬಳುವಳಿಯಾಗಿ ಬಂದದ್ದನ್ನು ಯುದ್ಧಾನಂತರ ಪುನಃ ಸ್ಥಿರಪಡಿಸಿ, ಬನವಾಸಿಯನ್ನು ಸೇರಿಸಿ ಕೊಟ್ಟಿರಬೇಕು. ಅಳಿಯನಾಗಿ ಪಡೆದದ್ದನ್ನೂ ಆತಕೂರಿನ ಕಲ್ಲಿನಲ್ಲಿ ಕತ್ತಿಯಿಂದ ಸಂಪಾದಿಸಿದ್ದೆಂದು ಬರೆಸಿದ್ದಾರೆ. ಕತ್ತಿಯ ಹಕ್ಕಿಗೆ ಇದ್ದ ಗೌರವ ಅಂಥದು.

ಬಾಳ್ಗಚ್ಚು ಎಂದರೆ ಬಾಳನ್ನು, ಅಂದರೆ ಕತ್ತಿಯನ್ನು, ತೊಳೆಯುವುದು. ರಕ್ತ ಹತ್ತಿದ ಕತ್ತಿಯನ್ನು ತೊಳೆದು ಕೊಡುವ ಭೂಮಿಗೆ ಆ ಹೆಸರು ಬಂದಿದೆ. ಮಾತಿನಲ್ಲಿಯೇ ಕಾಲಾನುಕ್ರಮ ಅಡಗಿದೆ: ಮೊದಲು ಕಾಳೆಗ, ಆಮೇಲೆ ಭೂಮಿ. ಈ ಸಂಪ್ರದಾಯ ಗಂಗರದೇ ಅಲ್ಲ. ಕನ್ನಡದ ಅತಿಪ್ರಾಚೀನ ಶಾಸನಗಳಲ್ಲೊಂದೆಂದು ಹೆಸರಾದ, ಸುಮಾರು 450ರ ಹಲ್ಮಿಡಿ ಶಾಸನವೂ ಬಾಳ್ಗಚ್ಚಿನ ಶಾಸನವೇ. ಕೇಕಯ-ಪಲ್ಲವರ ವಿರುದ್ಧ ಕಾದಿ ಗೆದ್ದ ವಿಜಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿಗಳು ಸಂದವು. ಭಾಷಾಶಾಸ್ತ್ರಜ್ಞರು ಅದರ ಪ್ರತ್ಯಯಗಳನ್ನು ಎಣಿಸಿದಷ್ಟು ಆಸಕ್ತಿಯಿಂದ ಇತಿಹಾಸಕಾರರು ಅದರ ವ್ಯವಹಾರವನ್ನು ಚರ್ಚಿಸಲಿಲ್ಲವೆಂಬುದು ಖೇದದ ಸಂಗತಿ.

ಇದರ ರಾಜಕೀಯ ಫಲವೇನು? 808ರ ಶಾಸನದಂತೆ ಇಂತಿಷ್ಟು ಭೂಮಿಗೆ ಇಷ್ಟು ಆಳು, ಇಷ್ಟು ಕುದುರೆ ಎಂಬ ನಿಯಮ ಬೇಗೂರಿನಲ್ಲಾಗಲಿ ಆತಕೂರಿನಲ್ಲಾಗಲಿ ಇಲ್ಲ. ಮುಂದೆ ವಿಜಯನಗರದ ಅಮರನಾಯಕರ ಕಾಲಕ್ಕೆ ಮಾತ್ರ ಭೂಮಿಗೆ ಪ್ರತಿಯಾಗಿ ನಿಗದಿಯಾದ ಸೇನೆಯನ್ನು ಸಾಕುವ ಪದ್ಧತಿ ಸ್ಪಷ್ಟವಾಗಿ ಕಾಣಿಸುತ್ತದೆ. ಗಂಗರ ಕಾಲದ ಯೋಧನು ಸಂಧಿಪತ್ರದಿಂದ ಕಟ್ಟುಬಿದ್ದವನಲ್ಲ. ಮೆಚ್ಚುಗೆಯಿಂದ, ಋಣದಿಂದ, ಮುಂದೆ ಸಿಕ್ಕೀತೆಂಬ ಆಸೆಯಿಂದ ಕಟ್ಟುಬಿದ್ದವನು. ಇಂಥ ವ್ಯವಸ್ಥೆಯಲ್ಲಿ ದೊರೆಗೆ ಸದಾ ಹೊಸ ಗೆಲವು ಬೇಕು, ಕೊಡಲು ಹೊಸ ನಾಡು ಬೇಕು. ಆತಕೂರಿನ ಕಲ್ಲು ನೆಟ್ಟು ಕಾಲು ಶತಮಾನ ಕಳೆಯುವುದರೊಳಗೆ, 973ರಲ್ಲಿ, ತೈಲಪನ ಕೈಯಲ್ಲಿ ರಾಷ್ಟ್ರಕೂಟ ಸಾಮ್ರಾಜ್ಯ ಕುಸಿದುದಕ್ಕೆ ಇದೂ ಒಂದು ಕಾರಣವೆಂದು ಊಹಿಸುವುದು ಅಸಂಗತವಲ್ಲ; ತೈಲಪನು ಅದುವರೆಗೆ ರಾಷ್ಟ್ರಕೂಟರ ಅಧೀನದಲ್ಲಿದ್ದವನೇ. ಭಾರತದಲ್ಲಿ ಊಳಿಗಮಾನ್ಯ ಪದ್ಧತಿಯಿತ್ತೆಂದು 1965ರ ತಮ್ಮ ಗ್ರಂಥದಲ್ಲಿ ಆರ್. ಎಸ್. ಶರ್ಮರು ವಾದಿಸಿದಾಗ ಬ್ರಾಹ್ಮಣರಿಗೂ ದೇವಾಲಯಗಳಿಗೂ ಕೊಟ್ಟ ದತ್ತಿಗಳನ್ನೇ ಹೆಚ್ಚಾಗಿ ಆಧರಿಸಿದರು. ಹರಬನ್ಸ್ ಮುಖಿಯಾ 1981ರಲ್ಲಿ ಆ ಪರಿಕಲ್ಪನೆಯನ್ನೇ ಪ್ರಶ್ನಿಸಿದರು. ಯೂರೋಪಿನಲ್ಲಿಯೂ ಈ ಪದದ ಕೆಳಗೆ ಏಕರೂಪದ ವ್ಯವಸ್ಥೆ ಇರಲಿಲ್ಲವೆಂದು 1994ರಲ್ಲಿ ಸೂಸನ್ ರೆನಾಲ್ಡ್ಸ್ ತೋರಿಸಿಕೊಟ್ಟರು. ನಮ್ಮ ಶಾಸನಗಳೇ ಬಾಳ್ಗಚ್ಚು, ಕಲ್ನಾಡು, ಕೊಡಗಿ, ನೆತ್ತರುಗೊಡಗೆ ಎಂದು ಬೇರೆ ಬೇರೆ ಹೆಸರಿಟ್ಟು ಕರೆದಿರುವಾಗ ಎಲ್ಲವನ್ನೂ ಎರವಲು ಪದವೊಂದರಲ್ಲಿ ಅಡಕಿಸುವುದರಿಂದ ಪ್ರಯೋಜನ ಕಡಮೆ.

ನಿಷ್ಠೆಯು ಭೂಮಿಯ ಲೆಕ್ಕವನ್ನು ಮೀರಿ ಹೋದ ಉದಾಹರಣೆಗಳೂ ಉಂಟು. ದೊಡ್ಡಹುಂಡಿಯ ಕಲ್ಲಿನಲ್ಲಿ ಗಂಗ ನೀತಿಮಾರ್ಗನು ಮರಣಶಯ್ಯೆಯಲ್ಲಿರುವಾಗ ಅವನ ಮನೆಮಗನಾದ ಅಗರಯ್ಯನು ಒಡೆಯನಿಗೆ ಒರಗಾಗಿ ಕುಳಿತಿದ್ದಾನೆ. ಹೊಯ್ಸಳರ ಕಾಲಕ್ಕೆ ವೇಳೆವಾಳಿ, ಲೆಂಕವಾಳಿಗಳು ಪರಾಕಾಷ್ಠೆ ಮುಟ್ಟಿದವು. 2ನೆಯ ಬಲ್ಲಾಳನು 1220ರಲ್ಲಿ ತೀರಿಕೊಂಡಾಗ ಕುವರಲಕ್ಷ್ಮನು ಪತ್ನಿ ಸುಗ್ಗಲದೇವಿಯೊಡನೆಯೂ ಸಾವಿರ ಲೆಂಕರೊಡನೆಯೂ ಪ್ರಾಣಾರ್ಪಣೆ ಮಾಡಿದುದಕ್ಕೆ ಹಳೇಬೀಡಿನ ಕಂಬ ಇಂದಿಗೂ ಸಾಕ್ಷಿಯಾಗಿದೆ. ಇದನ್ನು ತ್ಯಾಗವೆಂದು ಹೊಗಳಿ ಮುಂದೆ ಸಾಗುವುದು ವಾಡಿಕೆ. ಹೊಸ ದೊರೆಯು ಪಟ್ಟಕ್ಕೆ ಬರುವ ಸಮಯದಲ್ಲಿ ಹಳೆಯ ದೊರೆಯ ಅತ್ಯಂತ ಬಲಿಷ್ಠ ಪರಿವಾರವೊಂದು ಪೂರ್ಣವಾಗಿ ಇಲ್ಲವಾಯಿತೆಂಬ ರಾಜಕೀಯ ಸತ್ಯವನ್ನೂ ಅದರ ಜೊತೆಗೆ ನೆನೆಯಬೇಕು. ಎಲ್ಲ ಸಾಮಂತರ ಮಾರ್ಗ ಇದೇ ಆಗಿರಲಿಲ್ಲ. ಬಂಕೇಶನು ಕೋಟೆ ಹಿಡಿದ ಅದೇ ಕೈದಾಳದಲ್ಲಿ, 1ನೆಯ ನರಸಿಂಹನ ಅಧೀನನಾಗಿದ್ದ ಮರುಗರೆನಾಡಿನ ಸಾಮಂತ ಬಾಚಿಯು 1150ರ ಸುಮಾರಿನಲ್ಲಿ ಚೆನ್ನಕೇಶವ ಮತ್ತು ಗಂಗಾಧರೇಶ್ವರ ದೇವಾಲಯಗಳನ್ನು ಕಟ್ಟಿಸಿ ತನ್ನ ಹೆಸರನ್ನು ಬೇರೊಂದು ಬಗೆಯಲ್ಲಿ ನಿಲ್ಲಿಸಿದನು.

ಇದುವರೆಗೆ ಹೇಳಿದ್ದೆಲ್ಲ ದೊರೆ ಸಾಮಂತರ ಮಾತು. ಕರ್ನಾಟಕದ ವೀರಗಲ್ಲುಗಳಲ್ಲಿ ಬಹುಸಂಖ್ಯೆಯವು ಇವರನ್ನು ಕುರಿತವಲ್ಲ. ತುರುಗೊಳ್ ಎಂದರೆ ದನಗಳ ಅಪಹರಣ, ಊರಳಿವು, ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೊರೆ, ಗಡಿಗಾಳೆಗ ಇವೇ ಅವುಗಳ ವಸ್ತು. ಸತ್ತವನು ಎಷ್ಟೋ ವೇಳೆ ಗೌಡನ ಮಗ, ಒಕ್ಕಲಿಗ, ದನಗಾಹಿ. ಅವನ ಮನೆಗೆ ಅಷ್ಟಿಷ್ಟು ಗದ್ದೆಯನ್ನೋ ಬೆದ್ದಲನ್ನೋ ನೆತ್ತರುಗೊಡಗೆಯಾಗಿ ಬಿಟ್ಟವರು ಅನೇಕ ಕಡೆ ಊರವರು, ನಾಡವರು. ಕಲ್ಲಿನ ಮೊದಲಲ್ಲಿ ಆಳುವ ದೊರೆಯ ಹೆಸರು ಬರುತ್ತದೆ, ನಿಜ. ಅದು ಕಾಲವನ್ನು ಸೂಚಿಸುವುದಕ್ಕೆ ಮಾತ್ರವೆಂಬಂತೆ ಇರುತ್ತದೆ. ಆಯುಧ ಹಿಡಿಯುವ ಅಧಿಕಾರವು ದೊರೆಯ ಅಪ್ಪಣೆಯಿಂದ ಬರಬೇಕಾಗಿರಲಿಲ್ಲ. ದೊರೆಗಾಗಿ ಸತ್ತವನ ಕಲ್ಲಿನಲ್ಲಿಯೂ ದನಕ್ಕಾಗಿ ಸತ್ತವನ ಕಲ್ಲಿನಲ್ಲಿಯೂ ಅದೇ ಅಪ್ಸರೆಯರು, ಮೇಲಿನ ಪಟ್ಟಿಕೆಯಲ್ಲಿ ಅದೇ ಶಿವಲಿಂಗ.

ಫ್ರಾಂಕರ ನಾಡಿನಲ್ಲಿ ಇದಕ್ಕೆ ವಿಪರೀತವಾದ ಒಂದು ಘಟನೆ ದಾಖಲಾಗಿದೆ. 859ರಲ್ಲಿ, ಅಂದರೆ ಕೊಣ್ಣೂರು ಶಾಸನದ ದಾನಕ್ಕೆ ಒಂದು ವರ್ಷ ಮುಂಚೆ, ಸೇನ್ ಮತ್ತು ಲ್ವಾರ್ ನದಿಗಳ ನಡುವಣ ಸಾಮಾನ್ಯ ಜನರು ತಮ್ಮತಮ್ಮೊಳಗೆ ಆಣೆಯಿಟ್ಟು ಒಂದು ಕೂಟವನ್ನು ಕಟ್ಟಿಕೊಂಡು, ಸೇನ್ ನದಿಯ ತೀರದಲ್ಲಿ ದಾಳಿ ಮಾಡುತ್ತಿದ್ದ ಡೇನರನ್ನು ಧೈರ್ಯದಿಂದ ಎದುರಿಸಿದರು. ಮುಂದಾಲೋಚನೆಯಿಲ್ಲದೆ ಕೂಟ ಕಟ್ಟಿದರೆಂಬ ಕಾರಣದಿಂದ ಅವರನ್ನು ಸ್ವದೇಶದ ಪ್ರಬಲರೇ ಕೊಂದುಹಾಕಿದರೆಂದು ಸಂತ ಬೆರ್ತಾನ್ ಮಠದ ವಾರ್ಷಿಕ ವೃತ್ತಾಂತ ತಿಳಿಸುತ್ತದೆ. ಯುದ್ಧಸೇವೆಯು ಭೂಮಿಗೂ ಒಡೆತನಕ್ಕೂ ಹೆಣೆದುಕೊಂಡ ಮೇಲೆ, ಒಡೆಯನಿಲ್ಲದೆ ಆಯುಧ ಹಿಡಿದವನು ಶತ್ರುವಿಗಿಂತ ದೊಡ್ಡ ಅಪರಾಧಿಯಾದನು. ಸತ್ತವರ ಹೆಸರುಗಳನ್ನು ಆ ವೃತ್ತಾಂತ ಬರೆದಿಡಲಿಲ್ಲ.

ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವಾಗಿ ಪ್ರಕಟಿಸಿದರು. ಅದರಲ್ಲಿನ ವೀರಗಲ್ಲುಗಳನ್ನು ಸತ್ತವನು ಯಾರೆಂಬುದಕ್ಕಿಂತ ಭೂಮಿ ಕೊಟ್ಟವನು ಯಾರೆಂಬ ದೃಷ್ಟಿಯಿಂದ ಪುನಃ ವಿಂಗಡಿಸಬೇಕು. ದೊರೆಯೋ, ಸಾಮಂತನೋ, ನಾಡವರೋ, ಊರ ಗೌಡನೋ ಎಂದು ಶತಮಾನವಾರು ಎಣಿಸಿದರೆ, ಕತ್ತಿಯ ಋಣವನ್ನು ತೀರಿಸುವ ಹೊಣೆ ಯಾವ ಕಾಲದಲ್ಲಿ ಯಾರ ಕೈಯಲ್ಲಿತ್ತೆಂಬುದು ಗೊತ್ತಾಗುತ್ತದೆ. ಗುಬ್ಬಿ, ಕುಣಿಗಲು ತಾಲ್ಲೂಕುಗಳಿಂದ ಈ 일ಕೆಲಸವನ್ನು ಆರಂಭಿಸುವುದು ಯುಕ್ತ. ಕಡಬದ ಪಟಗಳ ಚಾಕಿರಾಜ ವಿಮಲಾದಿತ್ಯರ ಕಾಲದಿಂದ ಬಾಚಿಯ ಕಾಲದವರೆಗಿನ ಆಳ್ವಿಕೆಯ ಮೇಲುಸ್ತರ ಅಲ್ಲಿ ಸಾಕಷ್ಟು ತಿಳಿದಿರುವುದರಿಂದ, ಕೆಳಗಿನ ಸ್ತರವನ್ನು ಅದರೊಡನೆ ಹೊಂದಿಸಿ ನೋಡಲು ಅನುಕೂಲವಾಗುತ್ತದೆ.